ನಮ್ಮ ಲ್ಯಾಪ್‌ಟಾಪಿನ ಸಂಗೀತ ಸೇವೆ

ಯಾರಿಗೇ ಆಗಲಿ, ಹತ್ತು ಕೆಲಸ ಬಿಡಿಸಿ ಒಂದೇ ಕೆಲಸ ಕೊಟ್ಟರೆ ಅದನ್ನು ಚೊಕ್ಕವಾಗಿ ಮಾಡುತ್ತಾರೆ ಎಂಬುದು ನನ್ನ ಬಹುಕಾಲದ ನಂಬಿಕೆ. ಕೋಲಾರದ ನಮ್ಮ ಕಚೇರಿಯ ಸಾಹೇಬರಿಗೆ ಇದನ್ನು ಹೇಳಿ ನೋಡಿದೆ. ಅವರು ಹನ್ನೊಂದನೆಯ ಕೆಲಸ ಕೊಟ್ಟು ಕಳಿಸಿದರು. ಕೊನೆಗೆ ನನ್ನ ಮಾನ ಉಳಿಸಿದ್ದು ಮನೆಯ ಹಳೆಯ ಲ್ಯಾಪ್‌ಟಾಪು. ಅದರ ಒಂದು ಕೀಲು ಮುರಿದಿದೆ, ಬ್ಯಾಟರಿ ಸತ್ತಿದೆ, ಕೀಲಿಮಣೆಯಲ್ಲಿ ಮೂರು ಗುಂಡಿ ಇಲ್ಲ. ಆ ವಿಷಯದಲ್ಲಿ ನನ್ನ ಹಲ್ಲಿನ ಸಾಲಿಗಿಂತ ವಾಸಿ. ನನ್ನ ಹೆಂಡತಿ ಸರೋಜ ಅದನ್ನು ಪಾತ್ರೆಯವನಿಗೆ ಹಾಕಿ ಇಡ್ಲಿ ಪಾತ್ರೆ ತೆಗೆದುಕೊಳ್ಳಬೇಕೆಂದಿದ್ದಳು. ನಾನು ಅಡ್ಡ ನಿಂತೆ. ಅದರಲ್ಲಿದ್ದ ಕಸವನ್ನೆಲ್ಲ ಅಳಿಸಿ, ಇಂಟರ್‌ನೆಟ್ ತಪ್ಪಿಸಿ, ಬರೀ ಸಂಗೀತವನ್ನು, ಅದೂ ಎಲ್ಲೂ ಕುಗ್ಗಿಸದ ಪೂರ್ತಿ ಗಾತ್ರದ ಫೈಲುಗಳನ್ನು ತುಂಬಿದೆ. ದನಿಯನ್ನು ಶುದ್ಧವಾಗಿ ಹೊರಗೆ ತರುವ, ಬೆಂಕಿಪೊಟ್ಟಣದಷ್ಟಿರುವ ಡ್ಯಾಕ್ ಎಂಬ ಡಬ್ಬಿಯನ್ನು ಸಿಕ್ಕಿಸಿ, ಅಲ್ಲಿಂದ ಆಂಪ್ಲಿಫೈಯರಿಗೂ ಸ್ಪೀಕರುಗಳಿಗೂ ವೈರು ಎಳೆದೆ.

ಅದು ನುಡಿದದ್ದನ್ನು ಹೇಗೆ ಹೊಗಳಲಿ! ವೀಣೆ ಹಾಕಿದರೆ ಬೆರಳು ತಂತಿಯ ಮೇಲೆ ಜಾರುವುದೂ ಕೇಳುತ್ತಿತ್ತು. ಇಷ್ಟು ವರ್ಷ ಫೋನಿನಲ್ಲಿ ಕೇಳಿದ್ದು ಹಾಡಿನ ಸುದ್ದಿ, ಹಾಡಲ್ಲ ಅನಿಸಿತು. ತೊಂದರೆ ಒಂದೇ. ಮೃದಂಗದ ಎಡಭಾಗ ನುಡಿದಾಗಲೆಲ್ಲ ಸ್ಪೀಕರುಗಳ ಹಿಂದಿನ ಮೂಲೆಯಿಂದ ಗುಂಯ್ ಎಂಬ ಸದ್ದೆದ್ದು, ಷೋಕೇಸಿನ ಲೋಟಗಳೂ ಪಕ್ಕವಾದ್ಯಕ್ಕೆ ಸೇರಿಕೊಳ್ಳುತ್ತಿದ್ದವು. ಸರೋಜ ಗೌನಿಪಲ್ಲಿ ಕಡೆಯವಳು. ಕೋಪ ಬಂದರೆ ತೆಲುಗು ಮೊದಲು ಬರುತ್ತದೆ. "ಏಮಿ ಗೋಲ ಇದಿ" ಎಂದು ಗದ್ದಲಕ್ಕೆ ಹಣೆ ಚಚ್ಚಿಕೊಂಡು, ಆಮೇಲೆ ನನಗಾಗಿ ಕನ್ನಡಕ್ಕೆ ಬಂದಳು. "ವಕ್ಕಲೇರಿಯಿಂದ ರಾಗಿ ಬರೋದ್ರೊಳಗೆ ಈ ಗುಂಯ್ ನಿಲ್ಬೇಕು ರೀ. ಇಲ್ಲಾಂದ್ರೆ ಇದು ಪಾತ್ರೆಯವನಿಗೆ."

ವಕ್ಕಲೇರಿಯಲ್ಲಿರುವ ನಮ್ಮಣ್ಣ ಸಂಕ್ರಾಂತಿ ಕಳೆದ ಮೇಲೆ ವರ್ಷದ ರಾಗಿ ಕಳಿಸುತ್ತಾನೆ. ಅಷ್ಟರೊಳಗೆ ನಾನು ಲ್ಯಾಪ್‌ಟಾಪಿನ ಸೆಟ್ಟಿಂಗುಗಳನ್ನು ದಿನಕ್ಕೊಂದರಂತೆ ತಿರುಗಿಸಿದೆ. ಕೊನೆಯ ದಿನ ಬೆಳಿಗ್ಗೆ ಇನ್ನೊಂದನ್ನು ಬದಲಿಸಿ, ದೇವರ ಮೇಲೆ ಭಾರ ಹಾಕಿ ಕಚೇರಿಗೆ ಹೋದೆ. ಸಂಜೆ ಬಂದು ಹಾಕಿದರೆ ಗುಂಯ್ ಮಾಯ! ಮೃದಂಗ ಎದುರಿಗೇ ಕೂತು ನುಡಿದ ಹಾಗಿತ್ತು. ಸರೋಜ ಒಲೆ ಆರಿಸಿ ಬಂದು ಇಡೀ ಕೃತಿ ಕೇಳಿದಳು. ಲ್ಯಾಪ್‌ಟಾಪಿಗೆ ಜೀವದಾನವಾಯಿತು. ನಾನು ಸೆಟ್ಟಿಂಗಿನ ಮಹಿಮೆಯನ್ನು ಅವಳಿಗೆ ಅರ್ಧ ಗಂಟೆ ವಿವರಿಸಿದೆ. ಮಾಲೂರಿನಿಂದ ಬರುವ ಸಹೋದ್ಯೋಗಿಯೊಬ್ಬರು ಅದನ್ನು ಬರೆದುಕೊಂಡು ಹೋಗಿ ಮನೆಯಲ್ಲಿ ಮಾಡಿ ನೋಡಿದರು, ಏನೂ ಆಗಲಿಲ್ಲವಂತೆ. ಎಲ್ಲದಕ್ಕೂ ಕೈಗುಣ ಬೇಕು ಎಂದು ಸಮಾಧಾನ ಹೇಳಿದೆ.

ದೀಪಾವಳಿಯ ಹೊತ್ತಿಗೆ ಗುಂಯ್ ಮತ್ತೆ ಬಂತು. ನಾನು ಸೆಟ್ಟಿಂಗುಗಳಲ್ಲಿ ಮುಳುಗಿದ್ದಾಗ ಸರೋಜ ಮೊರ ಹಿಡಿದು ಸ್ಪೀಕರುಗಳ ಹಿಂದಿನ ಮೂಲೆಗೆ ಹೋದಳು.

"ಅದನ್ನ ಬಿಡಿ ರೀ. ಮೂರು ಮೂಟೆ ರಾಗಿ ಈ ಮೂಲೇಲಿ ಇಳಿಸಿದ ದಿನ, ಅವೇ ಸದ್ದು ನುಂಗಿ ಗುಂಯ್ ನಿಂತಿತ್ತು. ಈಗ ಒಂದೇ ಮೂಟೆ ಉಳಿದಿದೆ, ಮತ್ತೆ ಶುರುವಾಗಿದೆ."

ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಅಷ್ಟು ಖುಷಿಯಾಗಿ ವಿವರಿಸ್ತಾ ಇದ್ರಿ," ಎಂದಳು.

ನನಗೆ ನಾಚಿಕೆಯಾಯಿತು; ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಬಂತು. ಇಷ್ಟು ಯಂತ್ರ ಜೋಡಿಸಿದ ಈ ಮನೆಯಲ್ಲಿ ನಿಜವಾದ ಕಿವಿ ಇದ್ದದ್ದು ಅವಳೊಬ್ಬಳಿಗೇ. ಗುಂಯ್ ಇನ್ನೂ ಜೋರಾಗದಂತೆ, ಹೊಸ ರಾಗಿ ಬರುವವರೆಗೆ ಆ ಒಂದು ಮೂಟೆಯನ್ನಾದರೂ ಉಳಿಸಬೇಕಲ್ಲ? ಹುಟ್ಟಿದಾರಭ್ಯ ಊಟಕ್ಕೆ ಎರಡು ಮುದ್ದೆ ಉಂಡ ನಾನು ಈಗ ಒಂದಕ್ಕೇ ಕೈ ತೊಳೆಯುತ್ತೇನೆ. ಕಚೇರಿಯಲ್ಲಿ ಕೇಳಿದವರಿಗೆ ಡಾಕ್ಟರು ಹೇಳಿದ್ದಾರೆ ಎನ್ನುತ್ತೇನೆ. ಸರೋಜ ಮಾತ್ರ ನಿಶ್ಚಿಂತೆಯಿಂದ ಎರಡನೆಯ ಮುದ್ದೆ ಹಾಕಿಕೊಳ್ಳುತ್ತಾಳೆ. ಆಗ ಮೃದಂಗದವನ ಗತಿ ನೆನೆದು, ನನ್ನೆದೆಯಲ್ಲೇ ಗುಂಯ್ ಎನ್ನುತ್ತದೆ.