ಒಂದೇ ಪದರ ನೀರು

ನೀರಿನ ವಿಷಯದಲ್ಲಿ ನಮ್ಮ ಮಾಮಾನಷ್ಟು ತಿಳಿದವರು ಇಡೀ ಮುಂಬಯಿಯಲ್ಲಿ ಇಲ್ಲ. ಅವರು ಒಂದು ಬಕೆಟ್ ನೀರು ತುಂಬಿಸಿದ್ದನ್ನು ಕಂಡವರೂ ಇಲ್ಲ! ಅವ್ವನ ಒಬ್ಬನೇ ತಮ್ಮ. ನಲವತ್ತು ದಾಟಿದರೂ ಮದುವೆಯಿಲ್ಲ, ವಡಾಲದ ನಮ್ಮ ಮನೆಯಲ್ಲೇ ವಾಸ. ಬೆಳಿಗ್ಗೆ ನಳದಲ್ಲಿ ನೀರು ಬಂದಾಗ ಮುಸುಕು ಹೊದ್ದು ಮಲಗಿರುತ್ತಾರೆ. ಆಮೇಲೆ ಪ್ರಯೋಗಾಲಯಕ್ಕೆ ಹೋಗಿ ದಿನವಿಡೀ ನೀರು ನೋಡುತ್ತಾರೆ. ಅದೂ ಎಷ್ಟು ನೀರು? ಪ್ಲಾಟಿನಂ ತುಂಡಿನ ಮೇಲೆ ಒಂದೇ ಒಂದು ಪದರ! ಅದರ ಅಣುಗಳು ಹೇಗೆ ಸಾಲಾಗಿ ಕೂರುತ್ತವೆ ಎನ್ನುವುದೇ ಅವರ ಸಂಶೋಧನೆ.

"ಇರುವಿ ಸ್ನಾನಕ್ಕ ಸೈತ ಸಾಲೂದಿಲ್ಲ, ಅದನ್ನೇನ್ ನೋಡತೀಯೋ?" ಎಂದು ಅವ್ವ ರೇಗುತ್ತಾಳೆ.

ಹೋದ ವಾರ ಅವರಿಗೆ ಹೆಣ್ಣು ನೋಡಲು ಸಯನ್‌ಗೆ ಹೋದೆವು. ವಿಜಯಪುರದ ಕಡೆಯವರು. ಮನೆಯಲ್ಲಿ ತಂದೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು, ಇಬ್ಬರೇ. ತಂದೆಗೆ ಲಕ್ವ ಹೊಡೆದು ಕೈಕಾಲು ಸೋತಿದ್ದವು, ಮಾತು ಮಾತ್ರ ಜೋರು. ಇದೂ ತಪ್ಪಿದರೆ ನಿನಗೆ ಮದುವೆಯೇ ಇಲ್ಲವೆಂದು ಅವ್ವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾಮಾನನ್ನು ಹೆದರಿಸಿದ್ದಳು.

"ಏನ್ ಕೆಲಸಾ ಮಾಡ್ತೀರಿ?" ಎಂದು ಮುದುಕರು ಕೇಳಿದರು.

"ನೀರಿಂದ್ರೀ."

ಅವರ ಮುಖ ಅರಳಿತು. "ಭಾಳ ಚಲೋ ಆತು! ನಮ್ಮ ಬಿಲ್ಡಿಂಗ್‌ನ್ಯಾಗ ನಾಕನೇ ಮಜಲಿಗೆ ನೀರ ಏರೂದಿಲ್ಲ. ಜರಾ ನಿಮ್ಮ ಆಫೀಸಿನ್ಯಾಗ ಹೇಳ್ರಿ!"

"ನಮ್ಮಲ್ಲೆ ಎರಡನೇ ಪದರಕ್ಕ ಏರೂದಿಲ್ರೀ" ಎಂದರು ಮಾಮಾ!

ಅಷ್ಟರಲ್ಲಿ ಮಗಳು ನೀರು ತಂದರು. ಮೊದಲು ತಂದೆಯ ತುಟಿಗೆ ಹಿಡಿದು ಕುಡಿಸಿ, ಇನ್ನೊಂದು ಲೋಟ ಮಾಮಾನಿಗೆ ಕೊಟ್ಟರು. ಈ ಮನುಷ್ಯ ಹೆಣ್ಣಿನ ಮುಖ ನೋಡಬೇಕೋ ಬೇಡವೋ? ಲೋಟವನ್ನು ಬೆಳಕಿಗೆ ಹಿಡಿದು, "ಲೋಟಾ ಸ್ವಚ್ಛ ಇಲ್ಲರಿ. ಗಾಜಿನ ಮ್ಯಾಲೆ ನೀರು ಹನಿಹನಿ ಆಗಿ ನಿಂತದ, ಹರಡಿಲ್ಲ" ಎಂದುಬಿಟ್ಟರು! ಅವ್ವ ಚಿವುಟಿದ ರಭಸಕ್ಕೆ ಅದೇ ನೀರು ಅವರ ಪ್ಯಾಂಟಿನ ಮೇಲೆ ಬಹಳ ಚೆನ್ನಾಗಿ ಹರಡಿತು.

ಆಕೆ ನಕ್ಕುಬಿಟ್ಟರು. "ಅಲ್ರೀ, ಎರಡನೇ ಪದರ ಯಾಕ ಏರೂದಿಲ್ಲ?"

ಇಷ್ಟು ವರ್ಷ ನಮ್ಮ ಮನೆಯಲ್ಲಿ ಒಬ್ಬರೂ ಕೇಳದ ಪ್ರಶ್ನೆ! ಮಾಮಾ ಕುರ್ಚಿಯ ಅಂಚಿಗೆ ಬಂದರು. "ಮೊದಲನೇ ಪದರ ಕೆಳಗ ಲೋಹಾ ಹಿಡದಿರತದ, ಆಜೂಬಾಜೂದವರನ್ನ ಹಿಡದಿರತದ. ಮ್ಯಾಲೆ ಬರೋರಿಗೆ ಕೊಡಲಿಕ್ಕೆ ಅದರ ಹತ್ರ ಕೈನ ಉಳದಿರೂದಿಲ್ಲ."

ಆಕೆಯ ನಗು ನಿಂತಿತು. ತಂದೆಯ ಭುಜದ ಮೇಲಿನ ಕೈ ತೆಗೆಯದೆ ಹೇಳಿದರು: "ನಂದೂ ಹಂಗ ಐತ್ರಿ. ನಮ್ಮಪ್ಪನ್ನ ಹಿಡಕೊಂಡೀನಿ. ಬಿಟ್ಟು ಬರಾಕ ಆಗೂದಿಲ್ಲ. ನೋಡಾಕ ಬಂದವ್ರೆಲ್ಲಾ ಇದನ್ನ ಕೇಳಿ ಎದ್ದ ಹೋಗ್ಯಾರ."

ಮುದುಕರು ಗೋಡೆಯ ಕಡೆ ಮುಖ ತಿರುಗಿಸಿದರು. ಅವ್ವ ಸೆರಗು ಸರಿಪಡಿಸಿಕೊಂಡು ಏಳಲು ಅಣಿಯಾದಳು. ಮಾಮಾನೂ ಎದ್ದರು. ಎದ್ದವರು ತಮ್ಮ ಕುರ್ಚಿಯನ್ನು ಎಳೆದು ಮುದುಕರ ಇನ್ನೊಂದು ಪಕ್ಕಕ್ಕೆ ಹಾಕಿಕೊಂಡು ಕೂತರು.

"ಮ್ಯಾಲೆ ಯಾಕ ಬರಬೇಕ್ರೀ? ಬಾಜೂಕ ಜಾಗಾ ಅದ ಅಲ್ಲ. ಈ ಕಡಿಂದ ಅಪ್ಪಾರನ್ನ ನಾ ಹಿಡೀತೀನಿ."