ಮಾವನೂ ಡ್ರಿಲ್ಲಿಂಗ್ ಮಿಷನ್ನೂ

ನಮ್ಮ ಸೋದರಮಾವನಿಗೆ ಬದುಕಿನಲ್ಲಿ ಒಂದೇ ಒಂದು ತೂತು ಕೊರೆಯುವ ಪ್ರಸಂಗವೂ ಬಂದಿರಲಿಲ್ಲ. ಕ್ಯಾಲೆಂಡರಿಗೆ ಮೊಳೆ ಹೊಡೆಯಬೇಕೆಂದರೂ ಅತ್ತೆಯೇ ಸ್ಟೂಲು ಹತ್ತಬೇಕಿತ್ತು. ಅಂಥವರು ನಿವೃತ್ತರಾದ ಮೇಲೆ ಏನು ಕೊಂಡಿರಬಹುದು ಹೇಳಿ? ಡ್ರಿಲ್ಲಿಂಗ್ ಮಿಷನ್ನು! ಅದೂ ಕೈಯಲ್ಲಿ ಹಿಡಿಯುವಂಥದ್ದಲ್ಲ. ಆಳೆತ್ತರದ ಕಬ್ಬಿಣದ ಕಂಬ, ತಲೆಯ ಮೇಲೆ ಗಾಲಿ, ಸೊಂಟದ ಹತ್ತಿರ ಒಂದು ಮೇಜು, ಮೈತುಂಬ ತುಕ್ಕು.

ಮಾವ ಹಿಂದಿ ಮೇಷ್ಟರಾಗಿದ್ದವರು. ರಾಮಾಪುರ, ಲೊಕ್ಕನಹಳ್ಳಿಯ ಮಕ್ಕಳಿಗೆ ಪುಲ್ಲಿಂಗ ಸ್ತ್ರೀಲಿಂಗ ಕಲಿಸಿ ಸುಸ್ತಾಗಿ ಕೊಳ್ಳೇಗಾಲದಲ್ಲಿ ನೆಲೆಯೂರಿದ್ದರು. ಹನೂರಿಗೆ ಮದುವೆ ಊಟಕ್ಕೆಂದು ಹೋದವರು ಗುಜರಿ ಅಂಗಡಿಯ ಮುಂದೆ ಇದನ್ನು ಕಂಡು, ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಬಂದರು. "ಪಾಪ, ಮಳೇಲಿ ನೆನೀತಾ ನಿಂತಿತ್ತು ಕಣಪ್ಪ" ಎಂದು ಫೋನಿನಲ್ಲಿ ನನಗೆ ಹೇಳಿದ ದನಿ ಅನಾಥ ಮಗುವನ್ನು ತಂದವರ ಹಾಗಿತ್ತು.

ಅದನ್ನು ಹಿತ್ತಲಿನ ಸೌದೆ ಕೊಟ್ಟಿಗೆಗೆ ಇಳಿಸಲು ಬಂದ ಆಳುಗಳಲ್ಲೊಬ್ಬ ಬೆವರು ಒರೆಸಿಕೊಳ್ಳುತ್ತ, "ಏನ್ ಸಾ ಇದು, ಬೋರ್ ತಗ್ಯೋ ಮಿಷನ್ನಾ?" ಎಂದ. ಮಾವ ವಿವರಿಸುವಷ್ಟರಲ್ಲಿ ಮೇಷ್ಟರು ಮನೆಯೊಳಗೆ ಬೋರ್‌ವೆಲ್ ಕೊರೆಸುತ್ತಿದ್ದಾರೆಂದು ಬೀದಿಗೆಲ್ಲ ಸುದ್ದಿಯಾಯಿತು. ಪಕ್ಕದ ಮನೆಯವರು ಗಾಬರಿಯಾಗಿ ತಮ್ಮ ಬೋರಿನ ನೀರು ನೋಡಿಕೊಂಡರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹಿಂದೀಲಿ ಮಶೀನು ಸ್ತ್ರೀಲಿಂಗ ಕಣೇ" ಎಂದರು ಮಾವ, ಮಾತು ತೇಲಿಸಲು.

"ಗೊತ್ತಾಯ್ತು ಬುಡಿ, ಸವತಿ ಅಂತ" ಎಂದು ಅತ್ತೆ ಒಳಗೆ ಹೋದರು.

ಇಂಗ್ಲಿಷರ ಕಾಲದ್ದು, ಯಾವನೋ ದೊರೆಯೇ ಹಡಗಿನಲ್ಲಿ ತರಿಸಿರಬೇಕು ಎಂಬುದು ಮಾವನ ವಾದ. ಇನ್ನು ತುಕ್ಕು ಬಿಡಿಸುವುದು ಹೇಗೆ? ಹಿತ್ತಾಳೆ ಪಾತ್ರೆ ಹುಣಸೆಹಣ್ಣಿಗೆ ಬಗ್ಗುತ್ತದೆ ಎಂದಮೇಲೆ ಕಬ್ಬಿಣ ಏಕೆ ಬಗ್ಗಬಾರದು? ಅತ್ತೆ ವರ್ಷಕ್ಕಾಗುವಷ್ಟು ತುಂಬಿಟ್ಟಿದ್ದ ಹುಣಸೆಹಣ್ಣೆಲ್ಲ ಕಿವುಚಿ, ಗಾಲಿ, ಹಿಡಿ, ತಿರುಪುಗಳನ್ನು ಅದರಲ್ಲಿ ಮುಳುಗಿಸಿದರು. ಆ ವಾರ ನಾನು ಊಟಕ್ಕೆ ಹೋದಾಗ ಸಾರು ಸಪ್ಪಗಿತ್ತು.

"ಸಾರ್ಗೆ ಉಳಿ ಇಲ್ಲ ಕಣಪ್ಪ. ನಿಮ್ಮ ಮಾವ ಮಿಷನ್ಗೆ ಸಾರು ಮಾಡವ್ರೆ, ನಮ್ಗೆ ಬರೀ ಬೇಳೆ ಕಟ್ಟು" ಎಂದರು ಅತ್ತೆ.

ಆದರೂ ಹುಣಸೆ ಕೆಲಸ ಮಾಡಿತು. ತುಕ್ಕು ಹೋದಲ್ಲಿ ಎರಕದ ಅಕ್ಷರಗಳು ಒಂದೊಂದಾಗಿ ಕಣ್ಣುಬಿಟ್ಟವು. ಮಾವ ಕನ್ನಡಕ ಏರಿಸಿ ಉಸಿರು ಬಿಗಿಹಿಡಿದು ಓದಿದರು. ಲಂಡನ್ ಅಲ್ಲ, ಕೊಯಮತ್ತೂರು! ಕನ್ನಡಕ ಒರೆಸಿ ಇನ್ನೊಮ್ಮೆ ಓದಿ, "ಇಂಗ್ಲೆಂಡ್ನೋರೇ ಅಲ್ಲಿ ಮಾಡ್ಸಿರ್ಬೇಕು" ಎಂದರು. ತಮಿಳುನಾಡಿನ ಗಡಿಯ ಹಳ್ಳಿಯಲ್ಲಿ ಹುಟ್ಟಿದ ಅತ್ತೆ ಮೊದಲ ಬಾರಿಗೆ ಅದರ ಹತ್ತಿರ ಬಂದು ಮುಟ್ಟಿ ನೋಡಿದರು. "ನಮ್ಮ ತೌರು ಕಡೇದಾ? ಅದ್ಕೇಯ ಇಷ್ಟು ಗಟ್ಟಿಯಾಗೈತೆ."

ಗಾಲಿ ತಿರುಗಲು ಚರ್ಮದ ಬೆಲ್ಟು ಬೇಕಿತ್ತು. ಯಳಂದೂರಿನಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದಿದೆ ಎಂದು ಯಾರೋ ಹೇಳಿದರು. ಮಾವ ಹೋಗಿ, ಹಳೆಯ ಬೆಲ್ಟನ್ನು ಹಗ್ಗದಂತೆ ಸುತ್ತಿ ಹೆಗಲಿಗೇರಿಸಿಕೊಂಡು ಬಸ್ಸಿನಲ್ಲಿ ಬಂದರು. ಬೆಟ್ಟದ ದೇವರಿಗೆ ಹೊರಟಿದ್ದ ಮುದುಕಿಯೊಬ್ಬಳು ಮರುಕದಿಂದ ನೋಡಿ, "ಎತ್ ಮಾರ್ಬುಟ್ಟು ಬರೀ ಅಗ್ಗ ತಕಂಡು ಓಯ್ತಿದ್ದೀರಾ ಸಾ?" ಎಂದು ಕೇಳಿದಳಂತೆ. ಮಾವ ಹೌದೆಂದು ತಲೆಯಾಡಿಸಿದರಂತೆ. ಡ್ರಿಲ್ಲಿಂಗ್ ಮಿಷನ್ನಿನ ಕಥೆ ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು.

ಕೊನೆಗೂ ಹಸಿರು ಬಣ್ಣ ಬಳಿದು, ಮೋಟಾರು ಕೂಡಿಸಿ, ಕುಂಕುಮ ಇಟ್ಟು, ಕಾಯಿ ಒಡೆದು, ಬಂಧುಬಳಗದೆದುರು ಮಾವ ಸ್ವಿಚ್ಚು ಒತ್ತಿದರು. ಮೇಜಿನ ಮೇಲೆ ತೇಗದ ತುಂಡು. ಹಿಡಿ ತಿರುಗಿಸಿದರು, ಒತ್ತಿದರು, ಜೋತುಬಿದ್ದರು. ತೂತು ಬೀಳಲಿಲ್ಲ, ಹೊಗೆ ಬಂತು. ಮೋಟಾರು ಉಲ್ಟಾ ತಿರುಗುತ್ತಿತ್ತು!

"ಪೂಜೆ ಆಗಿತ್ತು, ಓಮಾನೂ ಆಯ್ತು. ಬನ್ನಿ, ಊಟಕ್ಕೇಳಿ" ಎಂದರು ಅತ್ತೆ.

ಎಲೆಕ್ಟ್ರಿಷಿಯನ್ ಬಂದು ವೈರು ಬದಲಿಸಿದ ಮೇಲೆ ಮನೆಯಲ್ಲಿ ತೂತಿಲ್ಲದ ವಸ್ತುವಿಗೆ ಉಳಿಗಾಲವಿರಲಿಲ್ಲ. ಮಣೆ, ಸ್ಕೇಲು, ಬಾಗಿಲ ಅಗುಳಿ, ಸೌಟಿನ ಹಿಡಿ. "ತಗಲಾಕಾಕೆ ಅನ್ಕೂಲ" ಎನ್ನುತ್ತಿದ್ದರು ಮಾವ. ತಗುಲಿಹಾಕಲು ಗೋಡೆಗೆ ಮೊಳೆ ಹೊಡೆಯುವುದು ಮಾತ್ರ ಎಂದಿನಂತೆ ಅತ್ತೆಯ ಪಾಲಿಗೆ.

ಹೀಗಿರುವಾಗ ಮಾವನಿಗೆ ಎದೆನೋವು ಬಂತು. ಮೈಸೂರಿಗೆ ಒಯ್ದು ಸ್ಟೆಂಟ್ ಹಾಕಿಸಿ, ಭಾರ ಎತ್ತಬಾರದು, ದಣಿಯಬಾರದು ಎಂಬ ಕಟ್ಟಪ್ಪಣೆಯೊಂದಿಗೆ ಮನೆಗೆ ಕರೆತಂದರು. ನಾನು ನೋಡಲು ಹೋದ ಮಧ್ಯಾಹ್ನ ಗೇಟಿನಲ್ಲೇ ಮಿಷನ್ನಿನ ಸದ್ದು ಕೇಳಿಸಿತು. ಓಡಿ ಕೊಟ್ಟಿಗೆಗೆ ಹೋದೆ. ಅಲ್ಲಿದ್ದವರು ಅತ್ತೆ! ಎಣ್ಣೆ ಡಬ್ಬಿ ಹಿಡಿದು, ಗಾಲಿಗೆ ಕಿವಿಗೊಟ್ಟು ನಿಂತಿದ್ದರು.

"ದಿನಾ ಒಸಿ ಒತ್ತು ಓಡುಸ್ದೇ ಇದ್ರೆ ಜಾಮ್ ಆಯ್ತದಂತೆ. ಮಲ್ಗಿರೋ ತಾವಿಂದ್ಲೇ ಸೌಂಡು ಸರಿಯಿಲ್ಲ ಅಂತಾರೆ. ನಂಗೊಂದೂ ಗೊತ್ತಾಗಕಿಲ್ಲ, ನೀನಾದ್ರೂ ಕೇಳು" ಎಂದರು.

ನನಗೆ ಸದ್ದು ಸರಿಯಾಗಿಯೇ ಕೇಳಿಸಿತು. ಒಳಗೆ ಹೋಗಿ ಮಾವನನ್ನು ತರಾಟೆಗೆ ತೆಗೆದುಕೊಂಡೆ. "ಈ ಸ್ಥಿತಿಯಲ್ಲೂ ನಿಮಗೆ ಮಿಷನ್ನಿನ ಚಿಂತೆಯೇ? ಅತ್ತೆಯನ್ನು ಯಾಕೆ ಗೋಳುಹೊಯ್ಕೋತೀರಿ?"

ಮಾವ ಹತ್ತಿರ ಬಾ ಎಂದು ಸನ್ನೆ ಮಾಡಿದರು. ಮುಖ ಇಳಿದುಹೋಗಿತ್ತು.

"ಮೆಲ್ಲಗ್ ಮಾತಾಡೋ. ಆಸ್ಪತ್ರೆಯಿಂದ ಬಂದಾಗ್ನಿಂದ ಇವ್ಳು ನನ್ನ ಬುಟ್ಟು ಅಲ್ಲಾಡ್ತಿರ್ಲಿಲ್ಲ. ನಾನು ಕಣ್ಮುಚ್ಚುದ್ರೆ ಸಾಕು, ಉಸ್ರು ಆಡ್ತಾ ಐತಾ ಅಂತ ಮೂಗಿನ್ ತಾವ ಬೆರಳಿಕ್ತಾಳೆ. ಊಟಿಲ್ಲ, ನಿದ್ದೆಯಿಲ್ಲ, ಮಾತೇ ನಿಂತೋಗಿತ್ತು. ಮಿಷನ್ ತಾವ ಇರೋ ಗಳಿಗೇಲಿ ಒಂದೀಟು ನನ್ನ ಮರೀತಾಳೆ. ನಿನ್ನೆ ಮಿಷನ್ಗೆ ಬಯ್ತಾ ಇದ್ಲು, ಕೇಳಿ ನಂಗೆ ಜೀವ ಬಂತು."

ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ದನಿ ಬಂತು. "ಏನ್ರೀ, ಈಗೆಂಗೈತೆ ಸೌಂಡು?"

ಮಿಷನ್ನು ಜೇನುಹುಳುವಿನಂತೆ ಹದವಾಗಿ ಗುಂಯ್ಗುಡುತ್ತಿತ್ತು. ಮಾವ ದಿಂಬಿಗೆ ತಲೆಯಿಟ್ಟು ಕಿವಿಗೊಟ್ಟರು.

"ಇನ್ನೂ ಸರಿ ಓಗಿಲ್ಲ ಕಣೇ. ಒಸಿ ಎಣ್ಣೆ ಬುಡು" ಎಂದು ಕೂಗಿ ಹೇಳಿ, ನೆಮ್ಮದಿಯಾಗಿ ಕಣ್ಣು ಮುಚ್ಚಿದರು.