ತಾನೆಲಿ ಬಾಯಿ ಬಿಟ್ಟ

ಮನುಷ್ಯರ ಭಯಕ್ಕೆ ಮನುಷ್ಯರೇ ಮದ್ದು ಎಂದು ಥೆರಪಿಸ್ಟ್ ಮರ್ಯುಕ್ಕ ಹೇಳಿದಾಗ, ಹಾವು ಕಡಿದವನ ಮೈಮೇಲೆ ಇನ್ನೆರಡು ಹಾವು ಬಿಟ್ಟಂತಾಯಿತು ತಾನೆಲಿಗೆ.

"ನಾಳೆ ಒಂದೇ ದಿನ. ಯಾವತ್ತೂ ಮಾತಾಡಿಸದ ಮೂರು ಜನರನ್ನ ನೀವಾಗಿಯೇ ಮಾತಾಡಿಸ್ಬೇಕು. ಇದೇ ಹೋಂವರ್ಕ್. ಆಕಾಶ ಏನೂ ಕಳಚಿ ಬೀಳಲ್ಲ, ತಾನೆಲಿಯವರೇ."

ಆಕೆಗೇನು, ಹೇಳಿ ಕೈ ತೊಳೆದುಕೊಂಡಳು! ಶನಿವಾರ ಮಗಳು ಪಿಹ್ಲಾಳ ಮದುವೆ. ಊಟದ ನಡುವೆ ಹುಡುಗಿಯ ಅಪ್ಪ ಎದ್ದು ನಿಂತು ನಾಲ್ಕು ಮಾತಾಡಬೇಕು. ತಾಯಿಯಿಲ್ಲದ ಮಗಳು, ಇರುವವನು ಒಬ್ಬ ಅಪ್ಪ. ಅವನ ನಾಲಿಗೆಯೋ, ಎರಡು ಮುಖ ಕಂಡರೆ ಒಣಮೀನಾಗುತ್ತಿತ್ತು. ಅವನು ಏಳದಿದ್ದರೆ ಗಂಡಿನ ದೊಡ್ಡಪ್ಪ ಓರ್ವೊ ಏಳುತ್ತಾನೆ. ಹೆಣದ ಮುಂದೆಯೂ ಸ್ವಂತ ಪದ್ಯ ಓದುವ ಆಸಾಮಿ! ಅಂಥವನ ಬಾಯಿಗೆ ಮಗಳ ಮದುವೆ ಕೊಡುವುದೇ?

ಬೆಳಿಗ್ಗೆ ತಾನೆಲಿ ಬಾಗಿಲ ಕಿಂಡಿಯಲ್ಲಿ ಇಣುಕಿದ. ಕುವೋಪಿಯೊ ಊರಿನ ಮರ್ಯಾದಸ್ಥರು ಮೆಟ್ಟಿಲ ಮೇಲೆ ನರಪಿಳ್ಳೆಯೂ ಇಲ್ಲವೆಂದು ಖಾತ್ರಿಯಾದ ಮೇಲೇ ಹೊಸಿಲು ದಾಟುವುದು. ಪಕ್ಕದ ಮನೆಯ ಔನೆಯಮ್ಮ ಕಸದ ಚೀಲ ಹಿಡಿದು ಹೊರಟಿದ್ದಳು. ಪಿಹ್ಲಾ ಹುಟ್ಟುವ ಮೊದಲಿಂದಲೂ ಪಕ್ಕದ ಮನೆ. ಔನೆಯಮ್ಮನ ಕೆಮ್ಮು ಗೊತ್ತು, ಮಾತು ಗೊತ್ತಿಲ್ಲ. ತಾನೆಲಿ ಕಣ್ಣು ಮುಚ್ಚಿ ಬಾಗಿಲು ತೆಗೆದ.

"ಇವತ್ತು ಹವಾ ಚೆನ್ನಾಗಿದೆ ಅಲ್ವಾ, ಔನೆಯಮ್ಮಾ?"

ಕಸದ ಚೀಲ ಧೊಪ್ಪೆಂದು ಬಿತ್ತು. "ಯಾರು ತೀರಿಕೊಂಡ್ರು?"

"ಯಾರೂ ಇಲ್ಲ. ಸುಮ್ನೆ ಕೇಳ್ದೆ."

"ಸುಮ್ನೇನಾ?" ಔನೆಯಮ್ಮ ಎದೆ ಹಿಡಿದುಕೊಂಡು, ಕಸವನ್ನು ಅಲ್ಲೇ ಬಿಟ್ಟು, ಒಳಗೋಡಿ ಚಿಲಕ ಹಾಕಿಕೊಂಡಳು.

ಬಸ್ಸಿನಲ್ಲಿ ಹೆಚ್ಚುಕಡಿಮೆ ಸೀಟುಗಳೆಲ್ಲ ಖಾಲಿ. ತಾನೆಲಿ ಹೋಗಿ ಹೋಗಿ ಒಬ್ಬ ಹುಡುಗನ ಪಕ್ಕವೇ ಕೂತ. ಹುಡುಗ ಕಿಟಕಿಗೆ ಅಂಟಿಕೊಂಡ.

"ನಿಮ್ಮ ಟೋಪಿ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

ಹುಡುಗ ಬಿಳಿಚಿಕೊಂಡ. ಟೋಪಿ ಕಿತ್ತು ತಾನೆಲಿಯ ತೊಡೆಯ ಮೇಲಿಟ್ಟ. "ತಗೊಳ್ಳಿ. ನನ್ನ ಬಿಟ್ಬಿಡಿ." ಮುಂದಿನ ನಿಲ್ದಾಣದಲ್ಲಿ ಜಿಗಿದೇಬಿಟ್ಟ. "ರೀ, ಟೋಪಿ!" ಎಂದು ತಾನೆಲಿ ಕೂಗಿದಷ್ಟೂ ಅವನ ಓಟ ಜೋರಾಯಿತು.

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಯಜಮಾನ್ರೇ, ಕುಡಿದಿದ್ದೀರಾ?"

"ಒಂದು ಹನೀನೂ ಇಲ್ಲಪ್ಪ."

"ಅಯ್ಯೋ ದೇವರೇ. ಕುಡಿದಿದ್ರೆ ಒಳ್ಳೇದಿತ್ತು."

ಥೂ, ಎಂಥ ಊರಪ್ಪಾ ಇದು! ಬಾಯಿ ಬಿಟ್ಟರೆ ಹೆಣ ಬಿದ್ದಿರಬೇಕು, ಇಲ್ಲ ಹೆಂಡ ಇಳಿದಿರಬೇಕು. ಆದರೂ ಎರಡು ಮಾತು ಹೊರಬಿದ್ದಿದ್ದವು, ಆಕಾಶ ತನ್ನ ಜಾಗದಲ್ಲೇ ಇತ್ತು. ತಾನೆಲಿಯ ಎದೆಯಲ್ಲಿ ಏನೋ ಸಡಿಲಾಯಿತು.

ಸಂಜೆ ಕಟ್ಟಡದ ಸೌನಾದಲ್ಲಿ, ಆ ಹಬೆಸ್ನಾನದ ಕೋಣೆಯಲ್ಲಿ, ನಿವಾಸಿಗಳ ಸಂಘದ ಅಧ್ಯಕ್ಷ ಕೌಕೊ ಒಬ್ಬನೇ ಬೆವರುತ್ತ ಕೂತಿದ್ದ. ತಾನೆಲಿ ಕಾದ ಕಲ್ಲಿನ ಮೇಲೆ ನೀರು ಸುರಿದ. ಬುಸ್ಸೆಂದು ಹಬೆ ಎದ್ದಿತು, ಜೊತೆಗೇ ಮಾತೂ ಎದ್ದಿತು. ಪಿಹ್ಲಾ ಮೊದಲ ಸಲ ಹಿಮದಲ್ಲಿ ಜಾರಲು ಸ್ಕೀ ಕಟ್ಟಿಕೊಂಡು ಬಿದ್ದದ್ದು, ಅಮ್ಮ ತೀರಿಕೊಂಡ ವರ್ಷ ಅವಳೇ ಅಪ್ಪನಿಗೆ ಗಂಜಿ ಕಾಯಿಸಿಕೊಟ್ಟದ್ದು, ಎಲ್ಲ ಹೇಳಿದ. ಶನಿವಾರದ ಭಾಷಣ ತಾನಾಗಿ ಹರಿದು ಬರುತ್ತಿತ್ತು! ಮಾತಿನ ನಡುವೆ ಎದ್ದು ಹೋಗಲು ಸಂಕೋಚಪಟ್ಟ ಕೌಕೊ ಬೆಂದ ಏಡಿಯಂತೆ ಕೆಂಪಾದ.

"ಇದೆಲ್ಲ... ನಂಗ್ಯಾಕೆ ಹೇಳ್ತಿದ್ದೀರಿ?"

"ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು ಕಣ್ರೀ!"

ಕೌಕೊ ಟವೆಲ್ ಸುತ್ತಿಕೊಂಡು ಬರಿಗಾಲಲ್ಲೇ ಓಟ ಕಿತ್ತ.

ಸ್ನಾನ ಮುಗಿಸಿ ಸಿಳ್ಳೆ ಹಾಕುತ್ತ ಮೇಲೆ ಬಂದ ತಾನೆಲಿ ಬೆಚ್ಚಿಬಿದ್ದ. ಯಾರ ಮುಖವನ್ನೂ ಯಾರೂ ನೋಡದ ಆ ಮೆಟ್ಟಿಲ ಮೇಲೆ ಸಂತೆ ನೆರೆದಿತ್ತು. ಔನೆಯಮ್ಮ, ಟವೆಲ್ಲಿನ ಕೌಕೊ, ಮೇಲ್ಮಹಡಿಯ ಗಂಡ ಹೆಂಡತಿ, ಒಬ್ಬರ ಮಾತು ಮುಗಿಯಲು ಇನ್ನೊಬ್ಬರು ಬಿಡದೆ ವಟಗುಟ್ಟುತ್ತಿದ್ದರು. ನಡುವೆ ಪಿಹ್ಲಾ, ಅಳುಮೋರೆ ಮಾಡಿಕೊಂಡು.

"ಅಪ್ಪಾ, ಏನಾಯ್ತು ನಿಂಗೆ? ನಿಮ್ಮಪ್ಪ ಮಾತಾಡ್ತಿದ್ದಾರೆ ಅಂತ ಔನೆಯಮ್ಮ ಫೋನ್ ಮಾಡಿದ್ರು!"

"ಹೂಂ ಕಣಮ್ಮಾ, ಮಾತಾಡ್ದೆ! ಭಯ ಎಲ್ಲ ಹೋಯ್ತು! ಶನಿವಾರ ನೋಡ್ತಿರು..."

"ನೋಡಿದ್ರಾ, ಮತ್ತೆ ಶುರುವಾಯ್ತು," ಎಂದ ಕೌಕೊ.

"ನಮ್ಮ ಭಾವನಿಗೂ ಹೀಗೇ ಕಣ್ರೀ," ಔನೆಯಮ್ಮ ಲೊಚಗುಟ್ಟಿದಳು. "ಮೊದಲು ಹವಾ ಚೆನ್ನಾಗಿದೆ ಅಂದ. ಆಮೇಲೆ ಆಸ್ಪತ್ರೆ."

"ರೀ, ಇದು ಚಿಕಿತ್ಸೆ! ಥೆರಪಿಸ್ಟೇ ಹೇಳಿಕೊಟ್ಟಿದ್ದು!"

"ಥೆರಪಿಸ್ಟ್ ಬೇರೆ ಇದ್ದಾರಂತೆ!" ಮೇಲ್ಮಹಡಿಯಾಕೆ ಗಂಡನ ತೋಳು ಹಿಡಿದುಕೊಂಡಳು.

ಪಿಹ್ಲಾ ಅಪ್ಪನನ್ನು ತಬ್ಬಿದಳು. "ತಪ್ಪು ನಂದೇ ಅಪ್ಪಾ. ಭಾಷಣ ಭಾಷಣ ಅಂತ ನಿನ್ನ ತಲೆ ಕೆಡಿಸ್ಬಿಟ್ಟೆ. ಶನಿವಾರ ನೀನು ಬಾಯೇ ತೆಗೀಬೇಡ. ಬರ್ತಾ ದಾರೀಲೇ ಓರ್ವೊ ದೊಡ್ಡಪ್ಪಂಗೆ ಹೇಳ್ಬಿಟ್ಟೆ. ಪಾಪ, ಆಗ್ಲೇ ಬರೆಯೋಕೆ ಕೂತಿದ್ದಾರೆ."

ತಾನೆಲಿ ಬಾಯಿ ತೆರೆದ. ಶಬ್ದ ಬರಲಿಲ್ಲ. ಇನ್ನೊಮ್ಮೆ ತೆರೆದ. ಗಾಳಿಯಷ್ಟೇ ಬಂತು.

ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಕಡೆಗೆ ಔನೆಯಮ್ಮ ಕಣ್ಣೊರೆಸಿಕೊಂಡಳು.

"ಸದ್ಯ. ಗುಣ ಆಯ್ತು."